ಇನ್ನೇನು, ಬಾಗಿಲು ತೆರೆಯುತ್ತದೆ

ಟಿಲ್ಡೆನ್ ಫಾಲ್ಸ್ ಊರಿನಲ್ಲಿ ಹಂದಿಯ ಧಾರಣೆ ಕೇಳದೆ ಯಾರೂ ರಾತ್ರಿಯೂಟಕ್ಕೆ ಕೂರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಆ ಧಾರಣೆಯನ್ನು ಊರಿಗೆ ಓದಿ ಹೇಳುತ್ತಿದ್ದವನು ಚಾನೆಲ್ ಹದಿನೇಳರ ಎಲ್ಮರ್ ಪ್ರೊಹಾಸ್ಕ. ಸಂಜೆ ಆರರ ವಾರ್ತೆಯ ಕಡೆಯ ನಾಲ್ಕು ನಿಮಿಷ ಅವನದು. ಮೊದಲು ಜೋಳ, ಆಮೇಲೆ ಸೋಯಾ, ಆಮೇಲೆ ಹಂದಿ, ಕೊನೆಗೆ ನಾಳೆ ಮಳೆ ಬರುತ್ತದೋ ಇಲ್ಲವೋ. ಮಳೆಯ ವಿಷಯದಲ್ಲಿ ತಪ್ಪಿದರೆ ಜನ ಕ್ಷಮಿಸುತ್ತಿದ್ದರು. ಹಂದಿಯ ವಿಷಯದಲ್ಲಿ ಅವನು ಯಾವತ್ತೂ ತಪ್ಪಿದವನಲ್ಲ.

ಒಬ್ಬ ಮನುಷ್ಯನಿಗೆ ಇಷ್ಟು ಮರ್ಯಾದೆ ಸಾಕು. ಎಲ್ಮರನಿಗೆ ಸಾಲಲಿಲ್ಲ. ೧೯೮೭ರ ವಸಂತದಲ್ಲಿ, ತನ್ನ ಐವತ್ನಾಲ್ಕನೆಯ ವಯಸ್ಸಿನಲ್ಲಿ, ಅವನು ಹೋಗಿ ಒಂದು ಕೋಟು ಕೊಂಡುಬಂದ. ಮಣ್ಣಿನ ಬಣ್ಣದ್ದು, ಮೊಣಕಾಲು ದಾಟಿ ಇಳಿಯುವಂಥದು, ಸೊಂಟಕ್ಕೆ ಅಗಲವಾದ ಪಟ್ಟಿ. ಯುದ್ಧಭೂಮಿಯಿಂದ ವರದಿ ಮಾಡುವವರು ತೊಡುತ್ತಾರಲ್ಲ, ಅಂಥದು.

ಅವನ ಹೆಂಡತಿ ಡೊಲೊರೆಸ್ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ ನೋಡಿದಳು.

"ಯಾವ ಯುದ್ಧ, ಎಲ್ಮರ್?"

"ಯುದ್ಧ ಅಂತಲ್ಲ. ಒಬ್ಬ ವರದಿಗಾರ ಅಂದಮೇಲೆ..."

"ಹಂದಿ ರೇಟು ಓದೋನು ನೀನು. ಹಂದಿಗಳೇನು ಟಿವಿ ನೋಡ್ತಾವಾ?"

ಪಕ್ಕದ ಮನೆಯ ಹಿಲ್ಡಾ ಬ್ರೂಗ್ಮನ್ ಬೇಲಿಯಾಚೆಯಿಂದ ಆ ಕೋಟನ್ನು ನೋಡಿ, ಕೈಯನ್ನು ಎದೆಗೊತ್ತಿಕೊಂಡು, "ಅಯ್ಯೋ, ಯಾರು ಹೋಗ್ಬಿಟ್ರು?" ಎಂದು ಕೇಳಿದಳು. ಎಲ್ಮರ್ ಕೋಟನ್ನು ಬಿಚ್ಚಿ ಕಪಾಟಿನಲ್ಲಿಟ್ಟ.

ಕೋಟು ಕೊಳ್ಳಲು ಕಾರಣವಿಲ್ಲದಿರಲಿಲ್ಲ. ಚಾನೆಲ್ ಹದಿನೇಳಕ್ಕೆ ಹೊಸ ಸುದ್ದಿ ಮುಖ್ಯಸ್ಥನೊಬ್ಬ ಬಂದಿದ್ದ. ಕ್ರೇಗ್ ಸ್ಟಾಲಿಂಗ್ಸ್ ಅಂತ ಹೆಸರು, ಮೂವತ್ತೆರಡು ವರ್ಷ, ದೊಡ್ಡೂರಿನಿಂದ ಬಂದವನು. ಕೂತಲ್ಲಿ ಕೂರದೆ ಯಾವಾಗಲೂ ಮೇಜಿನ ಅಂಚಿನ ಮೇಲೆ ಅರ್ಧ ಕೂರುವ ಮನುಷ್ಯ. ಬಂದ ಮೊದಲ ವಾರವೇ ಎಲ್ಮರನನ್ನು ಕರೆದು, "ನೋಡಿ ಎಲ್ಮರ್, ಹಂದಿ ನೋಡೋ ಜನ ಶಾಂಪೂ ಕೊಳ್ಳಲ್ಲ. ಜೂನ್ ತನಕ ಓದಿ, ಆಮೇಲೆ ನಿಮ್ಮನ್ನ ಎಲ್ಲಿಡೋದು ಅಂತ ಯೋಚಿಸೋಣ" ಎಂದಿದ್ದ. ಎಲ್ಲಿಡೋದು ಎಂಬ ಮಾತು ಎಲ್ಮರನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಹಳೆಯ ಕುರ್ಚಿಯ ಬಗ್ಗೆ ಹೇಳುವ ಹಾಗೆ ಹೇಳಿದ್ದ ಅವನು.

ಅದೇ ಕ್ರೇಗ್‌ಗೆ ಊರಿನ ಹಳೇ ಬಿಯರ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಒಂದು ಕಬ್ಬಿಣದ ಬಾಗಿಲಿದೆ ಎಂದು ಗೊತ್ತಾಯಿತು. ಕಾರ್ಖಾನೆ ಮುಚ್ಚಿ ಬಹಳ ಕಾಲವಾಗಿತ್ತು. ಬಾಗಿಲಿನ ಬೀಗ ತುಕ್ಕು ಹಿಡಿದು ಬಾಗಿಲಿನೊಂದಿಗೆ ಒಂದಾಗಿತ್ತು. ಪಾನನಿಷೇಧದ ದಿನಗಳಲ್ಲಿ ಕಳ್ಳ ಬಿಯರ್ ಸಾಗಿಸುತ್ತಿದ್ದ ದಂಡೊಂದು ಅಲ್ಲಿ ಏನನ್ನೋ ಬಚ್ಚಿಟ್ಟಿದೆ ಎಂದು ಪ್ರತೀತಿ. ಒಳಗೆ ಚಿನ್ನವಿದೆ ಎಂದು ಕ್ಷೌರದಂಗಡಿಯವರೂ, ಹೆಣವಿದೆ ಎಂದು ಚರ್ಚಿನ ಹೆಂಗಸರೂ, ಬಿಯರೇ ಇದೆ ಎಂದು ಅಗ್ನಿಶಾಮಕ ದಳದವರೂ ನಂಬಿದ್ದರು. ಐವತ್ತೈದು ವರ್ಷ ಯಾರೂ ಅದನ್ನು ತೆರೆಯುವ ಗೋಜಿಗೆ ಹೋಗದಿರಲು ಇದೇ ಕಾರಣ. ತೆರೆದರೆ ಮೂವರಲ್ಲಿ ಇಬ್ಬರ ನಂಬಿಕೆ ಕೆಡುತ್ತಿತ್ತು.

"ಎರಡು ಗಂಟೆ ನೇರ ಪ್ರಸಾರ," ಎಂದ ಕ್ರೇಗ್. "ಮೇ ಹದಿನಾಲ್ಕು, ಗುರುವಾರ, ಸಂಜೆ ಏಳರಿಂದ ಒಂಬತ್ತು. ಇಡೀ ಸುದ್ದಿ ವಿಭಾಗ ಅಲ್ಲೇ ಇರ್ಬೇಕು."

ಚಾನೆಲ್ಲಿನ ಹಿರಿಯ ವಾರ್ತಾವಾಚಕ ವಾರ್ನರ್ ಡೀಮ್ ಕನ್ನಡಕ ತೆಗೆದ. ಹಿಂದೊಮ್ಮೆ ದೇಶದ ಅಧ್ಯಕ್ಷರ ಸಾವನ್ನು ಈ ಊರಿಗೆ ತಿಳಿಸಿದ ಕಂಠ ಅವನದು. ಅವನು ಉಪ್ಪು ಕೇಳಿದರೂ ಮೇಜಿನ ಸುತ್ತ ಕೂತವರು ಒಂದು ಕ್ಷಣ ತಲೆ ತಗ್ಗಿಸುತ್ತಿದ್ದರು.

"ಒಳಗೆ ಏನಿದೆ ಅಂತ ತಿಳ್ಕೊಂಡು ಆಮೇಲೆ ಹೇಳೋದಕ್ಕೆ ವಾರ್ತೆ ಅಂತಾರೆ, ಕ್ರೇಗ್."

"ಅದು ಹಳೇ ಪದ್ಧತಿ, ವಾರ್ನರ್. ಬಾಗಿಲು ತೆಗೆಯೋವಾಗ ನೀವು ಕೆಳಗೆ ನೆಲಮಾಳಿಗೆಲಿರ್ತೀರಿ."

ಅಲ್ಲಿಂದ ಮೂರು ವಾರ ಊರಿಗೆ ನಿದ್ದೆಯಿಲ್ಲ. ಹತ್ತು ನಿಮಿಷಕ್ಕೊಮ್ಮೆ ಟಿವಿಯ ಪರದೆ ಕಪ್ಪಾಗುತ್ತಿತ್ತು, ಎದೆಬಡಿತದ ಸದ್ದು ಕೇಳುತ್ತಿತ್ತು, ವಾರ್ನರನ ಕಂಠ ಅಧ್ಯಕ್ಷರು ಇನ್ನೊಮ್ಮೆ ಸತ್ತರೋ ಎಂಬಂತೆ, "ಐವತ್ತೈದು ವರ್ಷ ಮುಚ್ಚಿದ ಬಾಗಿಲು. ಒಳಗೆ... ಏನಿದೆ?" ಎನ್ನುತ್ತಿತ್ತು. ಶವಸಂಸ್ಕಾರದ ಅಂಗಡಿಯವನು ತನ್ನ ಹೊಸ ಶವವಾಹನವನ್ನು ಅಂಗಡಿಯ ಹೆಸರು ಕ್ಯಾಮೆರಾಗೆ ಕಾಣುವಂತೆ ಕಾರ್ಖಾನೆಯೆದುರು ನಿಲ್ಲಿಸಲು ಒಪ್ಪಿಗೆ ಪಡೆದ. ಪಕ್ಕದ ಜಿಲ್ಲೆಯಿಂದ ಕಪ್ಪು ಉಡುಪಿನ ಹೆಂಗಸೊಬ್ಬಳು ಬಂದು, ಒಳಗಿರುವುದು ತನ್ನ ಅಜ್ಜನ ತಮ್ಮ ಎಂದು ಮೊದಲೇ ಅತ್ತು ಹೋದಳು. ಶಾಲೆಯ ಬ್ಯಾಂಡಿನವರು ಚಿನ್ನ ಬಂದರೆ ನುಡಿಸಲು ಒಂದು, ಹೆಣ ಬಂದರೆ ನುಡಿಸಲು ಒಂದು, ಹೀಗೆ ಎರಡು ಧಾಟಿ ಕಲಿತರು.

ಎಲ್ಮರನಿಗೆ ಸಿಕ್ಕಿದ್ದು ನಾಲ್ಕೇ ನಿಮಿಷ. ಏಳೂ ಇಪ್ಪತ್ತಕ್ಕೆ ಕಾರ್ಖಾನೆಯ ಹೊರಗೆ, ನೆಲಮಾಳಿಗೆಯ ಮೆಟ್ಟಿಲ ಬಳಿ ನಿಂತು ಹವಾಮಾನ ಹೇಳಬೇಕು. ಸಾಕಲ್ಲ! ಕಪಾಟಿನ ಕೋಟು ಹೊರಗೆ ಬಂತು. ಮೇ ತಿಂಗಳ ಸೆಕೆ. ಜನರೆಲ್ಲ ತೋಳಿಲ್ಲದ ಅಂಗಿಯಲ್ಲಿದ್ದರು. ಎಲ್ಮರ್ ಪಟ್ಟಿ ಬಿಗಿದು, ಕಾಲರು ಎತ್ತಿ, ಹೊಳೆಯುವ ಬಿಸಿಲಲ್ಲಿ ಬೆವರುತ್ತ ನಿಂತ.

ಕೆಳಗೆ ಕೊರೆಯುವ ಯಂತ್ರ ಶುರುವಾಯಿತು. ಆಗ ಯಾರೂ ಎಣಿಸದ ಒಂದು ತೊಂದರೆ ಎದುರಾಯಿತು. ಬಾಗಿಲು ಬೆಣ್ಣೆಯ ಹಾಗಿತ್ತು. ಇನ್ನು ಎರಡು ನಿಮಿಷಕ್ಕೆ ತೆರೆದುಕೊಳ್ಳುವುದು ಖಚಿತ, ಕಾರ್ಯಕ್ರಮ ಇನ್ನೂ ಒಂದೂವರೆ ಗಂಟೆ ಬಾಕಿ. ಹೊರಗಿನ ವ್ಯಾನಿನಲ್ಲಿ ಕೂತಿದ್ದ ಕ್ರೇಗ್ ಹೌಹಾರಿ ಎಲ್ಮರನ ಕಿವಿಯೊಳಗೆ ಕೂಗಿದ: "ಮಾತು ಎಳೀರಿ, ಎಲ್ಮರ್! ಎಳೀರಿ!"

ಕಿವಿಯ ಯಂತ್ರ ಹಳೆಯದು, ಗರಗರ ಎನ್ನುವಂಥದು. ಎಲ್ಮರನಿಗೆ ಕೇಳಿಸಿದ್ದು "ಎಳೀರಿ" ಅಷ್ಟೇ. ಇಪ್ಪತ್ತೆರಡು ವರ್ಷದಲ್ಲಿ ಅವನ ನಾಲ್ಕು ನಿಮಿಷವನ್ನು ಕತ್ತರಿಸು ಎಂದು ಹೇಳಿದವರುಂಟೇ ಹೊರತು ಎಳೆ ಎಂದವರಿಲ್ಲ. ಏನನ್ನು ಎಳೆಯುವುದು? ಸುತ್ತ ನೋಡಿದ. ಕಾಲ ಬಳಿ ಮೂರು ತಂತಿಗಳು ಮೆಟ್ಟಿಲಿಳಿದು ಕೆಳಕ್ಕೆ ಹೋಗಿದ್ದವು. ಮುಖ್ಯಸ್ಥ ಇಷ್ಟು ಕೂಗುತ್ತಿದ್ದಾನೆಂದರೆ ದಪ್ಪದ್ದೇ ಇರಬೇಕು ಎಂದುಕೊಂಡು ದಪ್ಪದ ತಂತಿಯನ್ನು ಹಿಡಿದು ಬಲವಾಗಿ ಎಳೆದ. ಗೋಡೆಯಲ್ಲೆಲ್ಲೋ ಸಿಕ್ಕಿಸಿದ್ದ ಏನೋ ಕಳಚಿ ಕೈಗೆ ಬಂತು. ಕೆಳಗೆ ಯಂತ್ರ ಗೊರ್ ಎಂದು ನಿಂತಿತು.

"ಭೇಷ್!" ಎಂದ ಕ್ರೇಗ್. ಯಂತ್ರ ತಾನಾಗಿಯೇ ಕೆಟ್ಟಿತೆಂದು ಅವನು ದೇವರಿಗೆ ಕೈಮುಗಿಯುತ್ತಿದ್ದ. "ಇನ್ನೂ ಎಳೀರಿ!"

ಎಲ್ಮರ್ ಇನ್ನೂ ಎಳೆದ. ಹದಿನೈದಡಿ ತಂತಿ ಬಂತು. ಅದನ್ನು ಅಚ್ಚುಕಟ್ಟಾಗಿ ಸುತ್ತಿ ಕಾಲ ಬಳಿ ಇಟ್ಟು, ಕೈಗೆ ಬಂದಿದ್ದ ಪ್ಲಗ್ಗನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಕ್ಯಾಮೆರಾದತ್ತ ತಿರುಗಿ ಹೇಳಿದ: "ಇನ್ನೇನು, ಬಾಗಿಲು ತೆರೆಯುತ್ತದೆ."

ತೆರೆಯಲಿಲ್ಲ. ಕೆಳಗೆ ಕೊರೆಯುವವರು ಯಂತ್ರವನ್ನು ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚಿದರು. ಮೇಲೆ ಎಲ್ಮರ್ ಮಾತಾಡುತ್ತಲೇ ಹೋದ. ಮಳೆ ಮುಗಿಯಿತು, ಗಾಳಿ ಮುಗಿಯಿತು. ಜೋಳ, ಸೋಯಾ ಎರಡೂ ಮುಗಿದವು. ಗುಂಪಿನಲ್ಲಿ ನಿಂತಿದ್ದ ರೈತ ಒಟ್ಟೊ ಹ್ಯೂಬ್ನರ್ ಕಡೆಗೆ ಮೈಕು ಚಾಚಿದ.

"ಒಟ್ಟೊ, ಒಳಗೆ ಏನಿರಬಹುದು ಅಂತೀಯ?"

"ನನಗೇನಯ್ಯಾ ಗೊತ್ತು? ಹಂದಿ ರೇಟು ಇನ್ನೂ ಹೇಳೇ ಇಲ್ಲವಲ್ಲ ನೀನು."

ಹಂದಿಯ ರೇಟೂ ಮುಗಿಯಿತು. ಪ್ರತಿ ಮಾತಿನ ನಡುವೆ ಒಮ್ಮೆ, "ಇನ್ನೇನು, ಬಾಗಿಲು ತೆರೆಯುತ್ತದೆ." ಮನೆಯಲ್ಲಿ ಕೂತು ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಿದ್ದ ಹಿಲ್ಡಾಳ ಪ್ರಕಾರ ಒಟ್ಟು ಅರವತ್ತೊಂದು ಸಲ.

ಯಂತ್ರ ನಿಂತ ಮೂವತ್ತನೆಯ ನಿಮಿಷದಲ್ಲಿ ಅವನು ಬೆವರೊರೆಸಲು ಕರವಸ್ತ್ರಕ್ಕೆಂದು ಜೇಬಿಗೆ ಕೈಹಾಕಿದ. ಪ್ಲಗ್ಗು ಸಿಕ್ಕಿತು. ಅದನ್ನು ಬೆರಳಲ್ಲಿ ಸವರಿದ. ಕಾಲ ಬಳಿಯ ಸುರುಳಿಯನ್ನು ನೋಡಿದ. ಕೆಳಗಿನಿಂದ ಬೈಗುಳ ಕೇಳಿಸುತ್ತಿತ್ತು. ಎಲ್ಲವೂ ಒಟ್ಟಿಗೇ ಅರ್ಥವಾಗಿ ಅವನ ಮುಖ ಸುಣ್ಣವಾಯಿತು, ಬಾಯಿ ತೆರೆದು ಹಾಗೇ ನಿಂತಿತು.

ಆ ಮುಖವನ್ನು ಇಡೀ ಜಿಲ್ಲೆ ನೋಡಿತು. "ಎಲ್ಮರ್‌ಗೆ ಒಳಗಿಂದ ಏನೋ ಕೇಳಿಸ್ತು!" ಎಂದು ಡೊಲೊರೆಸ್ ಸೋಫಾದಿಂದೆದ್ದಳು. ಬೀದಿಯಲ್ಲಿ ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಬ್ಯಾಂಡಿನವರು ಗಾಬರಿಯಲ್ಲಿ ಎರಡೂ ಧಾಟಿಗಳನ್ನು ಒಟ್ಟಿಗೆ ಶುರುಮಾಡಿದರು. ಆ ಗದ್ದಲದಲ್ಲಿ ಎಲ್ಮರ್ ಮೊಣಕಾಲೂರಿ ಕೂತು, ಕೋಟಿನ ಮರೆಯಲ್ಲಿ ತಂತಿಯನ್ನು ಕೆಳಕ್ಕೆ ಜಾರಿಸುತ್ತ, ಪ್ಲಗ್ಗು ಸಿಕ್ಕಿಸುವ ತೂತಿಗಾಗಿ ತಡಕಾಡಿದ. ಅವನು ಪ್ರಾರ್ಥಿಸುತ್ತಿದ್ದಾನೆಂದು ತಿಳಿದು ಚರ್ಚಿನ ಹೆಂಗಸರೂ ಮೊಣಕಾಲೂರಿದರು. ಶವವಾಹನದ ಮಾಲೀಕ ಟೋಪಿ ತೆಗೆದ. ಎಂಟು ನಿಮಿಷದ ಮೇಲೆ ತೂತು ಸಿಕ್ಕಿತು. ಯಂತ್ರ ಗೊರ್ ಎಂದಿತು, ಬಾಗಿಲು ಬಿತ್ತು.

ಒಳಗೆ ಒಂದು ತೋಳುದ್ದದ ಗೂಡು. ವಾರ್ನರ್ ಡೀಮ್ ದೀಪ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅದೇ ಕಂಠದಲ್ಲಿ ಊರಿಗೆ ತಿಳಿಸಿದ:

"ಒಂದು ಪೊರಕೆ. ಒಂದು ಬಕೆಟ್ಟು. ಒಂದು ಹಲಗೆ. ಹಲಗೆಯ ಮೇಲೆ ಹೀಗೆ ಬರೆದಿದೆ: ಕೆಲಸ ಮುಗಿದ ಮೇಲೆ ಬಾಗಿಲು ಭದ್ರವಾಗಿ ಹಾಕಿ."

ಯಾರೋ ಬರೆದಂತೆಯೇ ಬಾಗಿಲು ಹಾಕಿ ಹೋಗಿದ್ದರು. ಕಪ್ಪುಡುಪಿನ ಹೆಂಗಸು ಪೊರಕೆಯನ್ನು ನೆನಪಿಗೆಂದು ಕೇಳಿ ತೆಗೆದುಕೊಂಡು ಹೋದಳು.

ಮರುದಿನ ಬೆಳಗ್ಗೆ ಎಲ್ಮರ್ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಹಿಡಿದು ಕಚೇರಿಗೆ ಹೋದ, ಮೇಜಿನ ಮೇಲಿನ ಸಾಮಾನು ತುಂಬಿಕೊಳ್ಳಲು. ತಪ್ಪೊಪ್ಪಿಕೊಂಡು ಮರ್ಯಾದೆಯಿಂದ ಹೊರಡುವುದು ಅವನ ಯೋಚನೆ. ಬಾಗಿಲಲ್ಲೇ ಕ್ರೇಗ್ ಅವನನ್ನು ಪೆಟ್ಟಿಗೆ ಸಮೇತ ಅಪ್ಪಿಕೊಂಡ.

"ನೋಡಿ ಇಲ್ಲಿ!" ಎಂದು ಒಂದು ಕಾಗದ ಹರಡಿದ. ಎಷ್ಟು ಮನೆಗಳಲ್ಲಿ ಯಾವಾಗ ಯಾವ ಚಾನೆಲ್ ನೋಡುತ್ತಿದ್ದರು ಎಂಬ ನಕ್ಷೆ. ಏಳೂ ಇಪ್ಪತ್ತರಿಂದ ಗೆರೆ ಬೆಟ್ಟ ಹತ್ತಿತ್ತು. ಎಲ್ಮರ್ ಮೊಣಕಾಲೂರಿದಲ್ಲಿ ಶಿಖರ. ಪೊರಕೆ ಕಂಡಲ್ಲಿ ಗೆರೆ ಪ್ರಪಾತಕ್ಕೆ ಬಿದ್ದು ಸತ್ತಿತ್ತು.

"ಕ್ರೇಗ್, ನಾನೊಂದು ವಿಷಯ ಹೇಳ್ಬೇಕು. ಆ ಪ್ಲಗ್ಗು ಕಿತ್ತೋನು ನಾನು."

"ಏನಂದ್ರಿ?"

"ನೀವು ಎಳೀರಿ ಅಂದ್ರಿ. ಎಳೆದೆ. ಕಿತ್ತು ಬಂತು. ಮೂವತ್ತೆಂಟು ನಿಮಿಷ ಯಂತ್ರ ನಿಂತದ್ದು ಅದಕ್ಕೇ."

ಕ್ರೇಗ್ ಮೇಜಿನ ಅಂಚಿನಿಂದ ಇಳಿದು ಮೊದಲ ಬಾರಿಗೆ ಕುರ್ಚಿಯಲ್ಲಿ ಪೂರ್ತಿ ಕೂತ. ಅವನ ಕಣ್ಣು ತುಂಬಿತ್ತು.

"ದೊಡ್ಡೂರಲ್ಲಿ ಹತ್ತು ವರ್ಷ ಕಲಿತೆ ಎಲ್ಮರ್, ಯಾರೂ ನನಗೆ ಇದನ್ನ ಹೇಳ್ಕೊಡ್ಲಿಲ್ಲ. ಜನಕ್ಕೆ ಒಳಗಿರೋದು ಬೇಡ. ಬಾಗಿಲು ಬೇಕು! ನಿಮಗೆ ಅದು ಹೊಟ್ಟೆಯೊಳಗಿಂದಲೇ ಗೊತ್ತಿತ್ತು."

"ಇಲ್ಲ, ಕಿವಿಯೊಳಗೆ ಸರಿಯಾಗಿ ಕೇಳಿಸ್ಲಿಲ್ಲ..."

"ಅದೇ ಪ್ರತಿಭೆ ಅನ್ನೋದು," ಎಂದ ಕ್ರೇಗ್. ರಟ್ಟಿನ ಪೆಟ್ಟಿಗೆಯನ್ನು ಅವನೇ ಕಾಲಲ್ಲಿ ತುಳಿದು ಚಪ್ಪಟೆ ಮಾಡಿದ.

ಆ ಗುರುವಾರ ಸಂಜೆ ಊರೆಲ್ಲ ಕಾರ್ಖಾನೆಯೆದುರು ಇದ್ದಾಗ ಪುರಸಭೆ ಸೇರಿ, ಮಿಲ್ ಬೀದಿಯ ಸೇತುವೆಯನ್ನು ದುರಸ್ತಿಗಾಗಿ ಒಂದು ವರ್ಷ ಮುಚ್ಚುವುದೆಂದು ಒಂಬತ್ತು ನಿಮಿಷದಲ್ಲಿ ತೀರ್ಮಾನಿಸಿತ್ತು. ಕೇಳಲು ಒಬ್ಬ ವರದಿಗಾರನೂ ಇರಲಿಲ್ಲ. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೊರಟ ಅರ್ಧ ಊರು ಅಡ್ಡಗಟ್ಟೆಯೆದುರು ನಿಂತು ಹಾರ್ನ್ ಬಾರಿಸಿತು. ಸುದ್ದಿ ತಪ್ಪಿತೆಂದು ವಾರ್ನರ್ ತಲೆ ಚಚ್ಚಿಕೊಂಡ. ಕ್ರೇಗ್ ಎಲ್ಮರನನ್ನು ಅಲ್ಲಿಗೆ ಕಳಿಸಿದ. ಎಲ್ಮರ್ ಕೋಟು ತೊಟ್ಟು ಅಡ್ಡಗಟ್ಟೆಯ ಮುಂದೆ ನಿಂತು, "ಇನ್ನೇನು, ಸೇತುವೆ ತೆರೆಯುತ್ತದೆ," ಎಂದ. ಸುಳ್ಳೇನಲ್ಲ, ಹನ್ನೊಂದು ತಿಂಗಳು ಇಪ್ಪತ್ತೇಳು ದಿನ ಬಾಕಿ ಇತ್ತು, ಅಷ್ಟೇ.

ಆಮೇಲೆ ಚಾನೆಲ್ ಹದಿನೇಳರ ವಾರ್ತೆ ಎಂದರೆ ಬಾಗಿಲು. ಆಸ್ಪತ್ರೆಯ ಬಾಗಿಲು, ಕೋರ್ಟಿನ ಬಾಗಿಲು, ಮೇಯರ್ ಗಸ್ ಲಿಂಡ್‌ಕ್ವಿಸ್ಟ್ ಹಲ್ಲು ಕೀಳಿಸಲು ಹೋದ ದಂತವೈದ್ಯನ ಬಾಗಿಲು. ಮೇಯರು ಕೆನ್ನೆ ಊದಿಸಿಕೊಂಡು ಹೊರಗೆ ಬಂದು "ಹೂಂ" ಎಂದರು, ಹೋದರು. ಅದರ ಅರ್ಥವೇನೆಂದು ವಾರವಿಡೀ ಚರ್ಚೆಯಾಯಿತು. ವಾರ್ನರ್ ಓದುತ್ತಿದ್ದ ಹದಿನೆಂಟು ನಿಮಿಷ ಹತ್ತಾಯಿತು, ನಾಲ್ಕಾಯಿತು. ಅವನು ಓದುವಾಗಲೂ ಪರದೆಯ ಮೂಲೆಯಲ್ಲಿ ಒಂದು ಬಾಗಿಲು ಇರುತ್ತಿತ್ತು. ಜನ ಅವನನ್ನು ಬಿಟ್ಟು ಅದನ್ನೇ ನೋಡುತ್ತಿದ್ದರು. ಒಂದು ದಿನ ವಾರ್ನರ್ ಕನ್ನಡಕ ಮಡಚಿ ಎದ್ದ. "ಬಾಗಿಲಿಗೆ ಹಿನ್ನೆಲೆ ಸಂಗೀತ ಆಗೋಕೆ ನಾನು ಬಂದೋನಲ್ಲ," ಎಂದು ಹೇಳಿ ಹೋದ. ಅವನು ಹೋದ ಬಾಗಿಲನ್ನೂ ಇಪ್ಪತ್ತು ನಿಮಿಷ ತೋರಿಸಿದರು.

ಎಲ್ಮರನಿಗೆ ಮಾತ್ರ ಶುಕ್ರದೆಸೆ. ಬ್ಯಾಂಕಿನ ಮ್ಯಾನೇಜರು ಎದ್ದು ನಿಂತು ಕೈಕುಲುಕುತ್ತಿದ್ದ. ಹಿಲ್ಡಾ ಗಸಗಸೆ ತುಂಬಿದ ಕೊಲಾಚ್ ರೊಟ್ಟಿ ಮಾಡಿ ತಂದುಕೊಟ್ಟಳು. ಡೊಲೊರೆಸ್ ತಾನೇ ಕೋಟನ್ನು ಇಸ್ತ್ರಿ ಮಾಡಿ, "ಸ್ವಲ್ಪ ಎಡಕ್ಕೆ ನಿಂತ್ಕೋ ಎಲ್ಮರ್, ನಿನ್ನೆ ಬಾಗಿಲಿನ ಹಿಡಿ ಕಾಣಿಸ್ಲಿಲ್ಲ ಅಂತ ಎಲ್ಲರೂ ಅಂದ್ರು," ಎಂದು ಕಳಿಸುತ್ತಿದ್ದಳು. ಹಂದಿಯ ಧಾರಣೆ ಜೂನ್‌ನಲ್ಲೇ ನಿಂತುಹೋಗಿತ್ತು. ಒಟ್ಟೊ ಹ್ಯೂಬ್ನರ್ ಪೆಟ್ರೋಲ್ ಬಂಕಿನಲ್ಲಿ ಎಲ್ಮರನನ್ನು ಹಿಡಿದು ನಿಲ್ಲಿಸಿದ.

"ಏನಪ್ಪಾ ದೊಡ್ಡ ಮನುಷ್ಯ! ಗುರುವಾರ ಮಾರಿದೆ ಕಣಯ್ಯಾ, ನಲವತ್ತು ಹಂದಿ. ಶುಕ್ರವಾರ ರೇಟು ಏರ್ತು. ನೀನು ಹೇಳಿದ್ರೆ ಒಂದಿನ ತಡ್ಕೊಳ್ತಿದ್ದೆ. ನೀನು ಯಾವುದೋ ಬಾಗಿಲು ಕಾಯ್ತಿದ್ದೆ."

ಅವತ್ತು ರಾತ್ರಿ ಊಟಕ್ಕೆ ಕೂರುವ ಮೊದಲು ಎಲ್ಮರ್ ಪತ್ರಿಕೆ ತೆಗೆದು ಹಂದಿಯ ಧಾರಣೆ ಹುಡುಕಿದ.

ಸೆಪ್ಟೆಂಬರಿನಲ್ಲಿ, ನದಿಯಾಚೆಯ ಶಾಲೆಯನ್ನು ಮುಚ್ಚುತ್ತಾರೆಂಬ ಗುಲ್ಲೆದ್ದಿತು. ಪುರಸಭೆಯ ಸಭಾಂಗಣದ ಮುಚ್ಚಿದ ಬಾಗಿಲ ಮುಂದೆ ಎಲ್ಮರ್ ನೇರ ಪ್ರಸಾರಕ್ಕೆ ನಿಂತ. ಒಂದು ಗಂಟೆ, ಎರಡು ಗಂಟೆ. ಒಳಗೆ ಘೋರ ಮೌನ. "ಮೌನ ಎಷ್ಟು ಘೋರವಾಗಿದೆ ಅಂತ ಹೇಳಿ," ಎಂದು ಕ್ರೇಗ್ ಕಿವಿಯಲ್ಲಿ ಹೇಳಿಕೊಟ್ಟ. ಮೂರನೆಯ ಗಂಟೆಯಲ್ಲಿ ಹಿಲ್ಡಾ ಬ್ರೂಗ್ಮನ್ ಒಂದು ಡಬ್ಬಿ ಹಿಡಿದು ಬಂದಳು, ಹಸಿದಿರುತ್ತಾನೆಂದು.

"ಒಳಗೇ ಹೋಗಿ ಕೇಳ್ಬಾರದಾ ಎಲ್ಮರ್?"

"ಹಾಗೆ ಮಾಡ್ಬಾರದು, ಹಿಲ್ಡಾ."

"ಬೀಗ ಹಾಕಿದ್ದಾರಾ?"

ಎಲ್ಮರ್ ಬಾಗಿಲನ್ನು ನೋಡಿದ. ಮೂರು ಗಂಟೆಯಿಂದ ಆ ಬಾಗಿಲ ಬಗ್ಗೆ ಜಿಲ್ಲೆಗೆ ವಿವರಿಸುತ್ತಿದ್ದವನಿಗೆ ಅದು ಗೊತ್ತಿರಲಿಲ್ಲ. ಅವನ ಮುಖ ನೋಡಿ ಹಿಲ್ಡಾ ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಹಿಡಿ ತಿರುಗಿಸಿದಳು. ಬಾಗಿಲು ತೆರೆಯಿತು. ಒಳಗೆ ನೆಲ ಒರೆಸಿ, ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಗೋಡೆಗೆ ಒಂದು ಕಾಗದ ಅಂಟಿಸಿತ್ತು. ಎಲ್ಮರ್ ಹತ್ತಿರ ಹೋಗಿ ಗಟ್ಟಿಯಾಗಿ ಓದಿದ: "ಸಭೆ ಮಂಗಳವಾರ ನಡೆದಿದೆ. ಶಾಲೆ ಮುಚ್ಚುವುದಿಲ್ಲ."

ಜನ ಕೇಳಿದರು, ನಿಟ್ಟುಸಿರುಬಿಟ್ಟರು, ಟಿವಿ ಆರಿಸಿ ಮಲಗಿದರು.

"ಮುಚ್ಚಿ! ಬಾಗಿಲು ಮುಚ್ಚಿ!" ಎಂದು ಕ್ರೇಗ್ ಕಿವಿಯಲ್ಲಿ ಚೀರಿದ. ಎಲ್ಮರ್ ಮುಚ್ಚಿದ.

"ಈಗ ಹೇಳಿ, ಇನ್ನೇನು..."

"ಒಳಗೆ ಯಾರೂ ಇಲ್ಲ ಅಂತ ಎಲ್ಲರೂ ನೋಡಿದ್ರಲ್ಲ, ಕ್ರೇಗ್."

"ಹೇಳ್ರೀ!"

ಇಪ್ಪತ್ತೆರಡು ವರ್ಷ ಇದ್ದದ್ದನ್ನು ಇದ್ದ ಹಾಗೆ ಓದಿದ ಎಲ್ಮರನ ನಾಲಿಗೆ ಅಲ್ಲಿ ಮೊಂಡು ಬಿತ್ತು. "ಶುಭರಾತ್ರಿ," ಎಂದು ಹೇಳಿ, ಮೈಕನ್ನು ಕೆಳಗಿಟ್ಟು, ಹಿಲ್ಡಾಳ ಜೊತೆ ಮನೆಗೆ ನಡೆದ. ಬೆಳಗ್ಗೆ ಅವನ ಕೆಲಸ ಹೋಗಿತ್ತು.

ಡೊಲೊರೆಸ್ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ವಾರ್ನರ್ ಡೀಮ್ ಫೋನು ಮಾಡಿದ. ರೈತರ ಸಂಘದವರು ಬೀಜದಂಗಡಿಯ ಮಹಡಿಯಲ್ಲಿ ಒಂದು ಪುಟ್ಟ ರೇಡಿಯೋ ನಡೆಸುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಐದು ನಿಮಿಷ ವಾರ್ತೆ, ಐದು ನಿಮಿಷ ಧಾರಣೆ. "ಸಂಬಳ ಕೇಳಿದ್ರೆ ನಗ್ತೀಯ. ಆದ್ರೆ ಇಲ್ಲಿ ಇರೋದು ಒಂದೇ ಬಾಗಿಲು, ಅದೂ ಹಾಕೋಕೆ ಬರಲ್ಲ," ಎಂದ ವಾರ್ನರ್. ಎಲ್ಮರ್ ಅಂದೇ ಹೋದ. ಒಟ್ಟೊ ಒಂದು ಹಂದಿತೊಡೆ ಕಳಿಸಿಕೊಟ್ಟ.

ಅಕ್ಟೋಬರಿನ ಒಂದು ಬೆಳಗ್ಗೆ ಮೇಯರು ರಾಜೀನಾಮೆ ಕೊಡುತ್ತಾರಂತೆ ಎಂದು ಸುದ್ದಿ ಹಬ್ಬಿತು. ಎಂಟು ಗಂಟೆಗೇ ಚಾನೆಲ್ ಹದಿನೇಳು ಮೇಯರರ ಮನೆಯ ಹಸಿರು ಬಾಗಿಲ ಮುಂದೆ ಬೀಡುಬಿಟ್ಟಿತು. ಎಲ್ಮರನ ಜಾಗಕ್ಕೆ ಬಂದ ಹೊಸಬ, ಎಲ್ಮರನದೇ ಬಗೆಯ ಕೋಟು ತೊಟ್ಟು, "ಇನ್ನೇನು, ಬಾಗಿಲು ತೆರೆಯುತ್ತದೆ," ಎನ್ನುತ್ತಿದ್ದ. ಬೀಜದಂಗಡಿಯ ಮಹಡಿಯಲ್ಲಿ ಒಂದು ಚಿಕ್ಕ ಟಿವಿಯಲ್ಲಿ ಇದು ಓಡುತ್ತಿತ್ತು.

ಹನ್ನೊಂದೂವರೆಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಮೇಯರ್ ಗಸ್ ಲಿಂಡ್‌ಕ್ವಿಸ್ಟ್ ಕೈಯಲ್ಲಿ ಬೆಳ್ಳುಳ್ಳಿ ಬೀಜದ ಚೀಲ ಹಿಡಿದು ಒಳಗೆ ಬಂದರು.

"ಸ್ವಲ್ಪ ಹೊತ್ತು ಕೂತ್ಕೊಳ್ಳಾ? ಮನೆಗೆ ಹೋಗೋಹಾಗಿಲ್ಲ. ಮುಂದಿನ ಬಾಗಿಲಲ್ಲಿ ಜಾತ್ರೆ."

"ನೀವು ಒಳಗಿದ್ದೀರಿ ಅಂತ ಟಿವಿಲಿ ಹೇಳ್ತಿದ್ದಾರಲ್ಲ," ಎಂದ ಎಲ್ಮರ್.

"ಆರು ಗಂಟೆಗೇ ಹಿತ್ತಲಿಂದ ಬಂದುಬಿಟ್ಟೆ."

ವಾರ್ನರ್ ಕೇಳಿದ: "ರಾಜೀನಾಮೆ ಕೊಡ್ತೀರಾ ಗಸ್?"

"ಕೊಟ್ಟಾಯ್ತಲ್ಲ. ಏಳು ಗಂಟೆಗೆ ಗುಮಾಸ್ತೆಯ ಕೈಲಿ ಕೊಟ್ಟು ಬಂದೆ. ಬೆನ್ನುನೋವು ಮಾರಾಯ, ಆ ಕುರ್ಚಿ ಸರಿಯಿಲ್ಲ. ಯಾರೂ ನನ್ನನ್ನ ಕೇಳ್ಲೇ ಇಲ್ಲ."

ವಾರ್ನರ್ ಗುಮಾಸ್ತೆಗೆ ಫೋನು ಮಾಡಿ ಖಚಿತ ಮಾಡಿಕೊಂಡ. ಹನ್ನೆರಡು ಹೊಡೆಯಿತು. ಮೇಯರು ರಾಜೀನಾಮೆ ಕೊಟ್ಟರು, ಕಾರಣ ಬೆನ್ನುನೋವು ಎಂದು ವಾರ್ನರ್ ಅಧ್ಯಕ್ಷರ ಸಾವು ತಿಳಿಸಿದ ಅದೇ ಕಂಠದಲ್ಲಿ ಒಂದೇ ವಾಕ್ಯ ಓದಿ ಮುಂದಿನ ಸುದ್ದಿಗೆ ಹೋದ. ಎಲ್ಮರ್ ಧಾರಣೆ ಓದಿದ. ಹಂದಿ ಏರಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾರ್ನರ್ ಎಷ್ಟೋ ತಿಂಗಳ ಮೇಲೆ ನಕ್ಕ. ಇಡೀ ಜಿಲ್ಲೆಯಲ್ಲಿ ಈ ಸುದ್ದಿ ಕೊಟ್ಟವರು ತಾವಿಬ್ಬರೇ.

ಎಲ್ಮರ್ ಮನೆಗೆ ಫೋನು ಮಾಡಿದ. ಬಹಳ ಹೊತ್ತು ಬಡಿದುಕೊಂಡ ಮೇಲೆ ಡೊಲೊರೆಸ್ ಎತ್ತಿದಳು.

"ಕೇಳಿದ್ಯಾ ಡೊಲೊರೆಸ್? ನಮ್ಮ ವಾರ್ತೆ?"

"ಕೇಳ್ದೆ, ಕೇಳ್ದೆ. ರಾಜೀನಾಮೆ, ಬೆನ್ನುನೋವು. ಹಿಲ್ಡಾನೂ ಇಲ್ಲೇ ಇದ್ದಾಳೆ, ಅವಳೂ ಕೇಳಿದ್ಲು. ಇಡ್ತೀನಿ ಎಲ್ಮರ್, ಬಾಗಿಲು ಅಲುಗಾಡಿದ ಹಾಗಾಯ್ತು."

"ಮೇಯರು ಇಲ್ಲೇ ನಮ್ಮ ಹತ್ರ ಕೂತಿದ್ದಾರೆ ಕಣೇ!"

"ಗೊತ್ತಾಯ್ತು ಮಾರಾಯ, ಇಡು ಈಗ!"

ಎಲ್ಮರ್ ಫೋನಿಟ್ಟ. ಎದ್ದು, ಮೂಲೆಯಲ್ಲಿ ಗಲಾಟೆ ಮಾಡುತ್ತಿದ್ದ ಟಿವಿಯನ್ನು ಆರಿಸಲು ಕೈಚಾಚಿದ. ಮೇಯರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಿದ್ದರು. ತಮ್ಮ ಮನೆಯ ಹಸಿರು ಬಾಗಿಲಿನ ಮೇಲಿಂದ ಕಣ್ಣು ಕೀಳದೆ ಅವನ ಕೈಯನ್ನು ತಡೆದು ಹಿಡಿದರು.

"ಇರಯ್ಯಾ, ಸ್ವಲ್ಪ ಇರು," ಎಂದರು. "ಯಾರು ಹೊರಗೆ ಬರ್ತಾರೋ ನೋಡೋಣ."